ಬೆಟ್ಟದ ಕಾಲುದಾರಿಯೂ ಯಂತ್ರದ ಕೈಯೂ

ಕಲ್ಲನ್ನು ಒಡೆಯುವ ವಿದ್ಯೆಯು ಸುರಪುರದ ಸೀಮೆಗೆ ಹೊಸತಲ್ಲ. ಈ ಸೀಮೆಯ ಹುಣಸಗಿಯ ಕಣಿವೆಯಲ್ಲಿ ಇಸಾಂಪುರವೆಂಬ ಹಳ್ಳಿಯಿರುವುದು. ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಒಂದು ಕಾರ್ಯಸ್ಥಾನವನ್ನು ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ಅಲ್ಲಿ ಅಗೆದು ಬೆಳಕಿಗೆ ತಂದಿರುವರು. ಆ ಸ್ಥಳದಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ, ಅದರ ಕಾಲವು ಸುಮಾರು ೧೨ ಲಕ್ಷ ವರ್ಷಗಳ ಹಿಂದಿನದೆಂದು ಗಣಿಸಿರುವರು. ಗುಂಡುಕಲ್ಲಿನಿಂದ ಹಾಸುಗಲ್ಲನ್ನು ಹೊಡೆದ ಆ ಕೈಗೂ, ಇಂದು ವಿದ್ಯುತ್ತಿನ ಬೈರಿಗೆಯನ್ನು ಹಿಡಿದ ಕೈಗೂ ನಡುವೆ ಎಷ್ಟೋ ಯುಗಗಳು ಕಳೆದುಹೋಗಿರುವುವು. ಆದರೆ ಕೆಲಸಗಾರನ ಮುಂದಿರುವ ಪ್ರಶ್ನೆಯು ಬದಲಾಗಿಲ್ಲ: ಎಲ್ಲಿ ಹೊಡೆಯಬೇಕು, ಎಲ್ಲಿ ಹೊಡೆಯಬಾರದು?

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳೂ ಬೆಟ್ಟದ ನೆರಳಿನಲ್ಲಿ ಬೆಳೆದವು. ಯಾದಗಿರಿಯ ಕೋಟೆಯು ಸುಮಾರು ೧೦೦ ಮೀಟರು ಎತ್ತರದ ಬೆಟ್ಟದ ಮೇಲೆ ಮೂರು ಸುತ್ತುಗಳಲ್ಲಿ ನಿಂತಿರುವುದು. ಶಹಾಪುರದ ಬೆಟ್ಟಗಳ ಸಾಲನ್ನು ಭೀಮರಾಯನಗುಡಿಯ ಕಡೆಯ ರಸ್ತೆಯಿಂದ ನೋಡಿದವರಿಗೆ ಬುದ್ಧನು ಪವಡಿಸಿದಂತೆ ತೋರುವುದು. ಸುರಪುರವಂತೂ ಬೆಟ್ಟಗಳನ್ನೇ ಗೋಡೆಯಾಗಿ ಮಾಡಿಕೊಂಡ ನಾಯಕರ ರಾಜಧಾನಿ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಗುಡ್ಡಕ್ಕೆ ಜನಸಾಗರವೇ ಹರಿದುಬರುವುದನ್ನು ಈ ಭಾಗದ ವಾಚಕರು ಬಲ್ಲರು. ಯಾತ್ರೆಗೆ ಹೋಗುವ ಮುದುಕರು, ಶಾಲೆಯ ಪ್ರವಾಸಕ್ಕೆ ಹೋಗುವ ಮಕ್ಕಳು, ಬೆಳಗಿನ ಗಾಳಿಗಾಗಿ ಬೆಟ್ಟವೇರುವ ಗೃಹಸ್ಥರು, ಇವರೆಲ್ಲರಿಗೂ ಬೇಕಾದುದು ಒಂದು ಒಳ್ಳೆಯ ಕಾಲುದಾರಿ. ಆ ದಾರಿಯನ್ನು ಮಾಡುವುದಕ್ಕೂ ಕಾಪಾಡುವುದಕ್ಕೂ ಈಗ ಬಗೆಬಗೆಯ ಯಂತ್ರಗಳು ಬಂದಿರುವುವು. ಅವುಗಳಲ್ಲಿ ನಮ್ಮ ಬೆಟ್ಟಗಳಿಗೆ ಯಾವುದು ತಕ್ಕುದು, ಯಾವುದು ತಗದು, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೀರು, ಆಮೇಲೆ ಯಂತ್ರ

ಕಾಲುದಾರಿಯನ್ನು ಕೆಡಿಸುವುದು ನಡೆಯುವವರ ಕಾಲು ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುವರು. ಕಾಲು ಕೆಡಿಸುವುದು ಸ್ವಲ್ಪ. ನೀರು ಕೆಡಿಸುವುದೇ ಬಹಳ. ನಮ್ಮ ಸೀಮೆಯಲ್ಲಿ ಮಳೆಯು ಕಡಮೆಯೇನೋ ಹೌದು, ಆದರೆ ಬಂದರೆ ಬಿರುಸಾಗಿ ಬರುವುದು. ಬೋಳುಬಂಡೆಯ ಮೇಲೆ ಬಿದ್ದ ನೀರು ಇಂಗಲು ಎಡೆಯಿಲ್ಲದೆ ಒಮ್ಮೆಗೇ ಕೆಳಕ್ಕೆ ಧಾವಿಸುವುದು. ದಾರಿಯು ಬೆಟ್ಟದ ಇಳಿಜಾರಿನ ನೇರಕ್ಕೇ ಇದ್ದರೆ ಆ ನೀರಿಗೆ ಅದೇ ಕಾಲುವೆಯಾಗುವುದು. ಹನಿಗೂಡಿದರೆ ಹಳ್ಳವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜ. ಎರಡು ಮೂರು ಮಳೆಗಾಲಗಳಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಬರಿಯ ಉರುಟುಕಲ್ಲುಗಳು ಉಳಿಯುವುವು. ನಡೆಯುವವರು ಅದನ್ನು ಬಿಟ್ಟು ಪಕ್ಕದಲ್ಲಿ ಹೆಜ್ಜೆಯಿಡುವರು. ಪಕ್ಕದ ಹುಲ್ಲು ಸತ್ತು ಅಲ್ಲಿಯೂ ಇನ್ನೊಂದು ಕಾಲುವೆಯು ಹುಟ್ಟುವುದು.

ಇದಕ್ಕೆ ಪರಿಹಾರವೇನೆಂಬುದನ್ನು ನಮ್ಮ ಮಣ್ಣಿನ ಮಾಳಿಗೆಯ ಮನೆಗಳೇ ಹೇಳಿಕೊಡುವುವು. ಮಾಳಿಗೆಯು ಸಮತಟ್ಟಾಗಿ ಕಂಡರೂ ಅದಕ್ಕೆ ಕಣ್ಣಿಗೆ ಕಾಣದಷ್ಟು ಓಟವನ್ನು ಕೊಟ್ಟು, ನೀರನ್ನು ದೋಣಿಯ ಕಡೆಗೆ ತಿರುಗಿಸಿರುವರು. ಓಟವು ತಪ್ಪಿದ ಮಾಳಿಗೆಯು ಸೋರುವುದು. ಕಾಲುದಾರಿಗೂ ಹಾಗೆಯೇ ಹೊರಮಗ್ಗುಲಿಗೆ ಓಟವಿರಬೇಕು. ನೂರಡಿಗೆ ಐದಡಿಯ ಲೆಕ್ಕದಲ್ಲಿದ್ದರೆ ಸಾಕು, ನಡೆಯುವವನ ಪಾದಕ್ಕೆ ಅದು ತಿಳಿಯುವುದೂ ಇಲ್ಲ. ದಾರಿಯ ಏರು ಸರಾಸರಿಯಲ್ಲಿ ನೂರಕ್ಕೆ ಹತ್ತನ್ನು ಮೀರದಿರುವುದು ಒಳ್ಳೆಯದು. ಯಾವ ಕಡೆಯಲ್ಲಿಯೂ ಅದು ಆ ಬೆಟ್ಟದ ಮಗ್ಗುಲಿನ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗಕೂಡದು. ಏರುವ ದಾರಿಯನ್ನು ಅಲ್ಲಲ್ಲಿ ನಾಲ್ಕು ಹೆಜ್ಜೆಯಷ್ಟು ಇಳಿಸಿ ಮತ್ತೆ ಏರಿಸಿದರೆ, ಆ ತಗ್ಗಿನಲ್ಲಿ ನೀರು ದಾರಿಯನ್ನು ಬಿಟ್ಟು ಹೊರಕ್ಕೆ ಹೋಗುವುದು.

ಈ ಗೆರೆಯನ್ನು ಗುರುತಿಸುವುದು ಯಂತ್ರದ ಕೆಲಸವಲ್ಲ. ಮಳೆ ಬರುತ್ತಿರುವಾಗ ಕೊಡೆ ಹಿಡಿದು ಬೆಟ್ಟದ ಮೇಲೆ ನಿಂತು, ನೀರು ಎಲ್ಲಿ ಹರಿಯುವುದೆಂಬುದನ್ನು ನೋಡಿ ಗೂಟ ನೆಡುವ ಮನುಷ್ಯನ ಕೆಲಸ. ಗೆರೆಯು ತಪ್ಪಿದ ಮೇಲೆ ಎಂತಹ ಯಂತ್ರವನ್ನು ತಂದರೂ ತಪ್ಪಾದ ದಾರಿಯೇ ಬೇಗನೆ ಸಿದ್ಧವಾಗುವುದಲ್ಲದೆ ಬೇರೆಯಿಲ್ಲ.

ಮೆಟ್ಟಿಲಿನ ಲೆಕ್ಕ

ಓರೆಯಾಗಿ ದಾರಿಯನ್ನು ಒಯ್ಯಲು ಎಡೆಯಿಲ್ಲದಲ್ಲಿ ಮೆಟ್ಟಿಲೇ ಗತಿ. ಮೈಸೂರಿನ ಚಾಮುಂಡಿಬೆಟ್ಟಕ್ಕೆ ದೊಡ್ಡ ದೇವರಾಜ ಒಡೆಯರು ೧೭ನೆಯ ಶತಮಾನದಲ್ಲಿ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದರು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿಯೇ ಮೆಟ್ಟಿಲುಗಳನ್ನು ಕಡಿದಿರುವರು. ಇವೆಲ್ಲವೂ ಉಳಿ, ಸುತ್ತಿಗೆ, ಹಾರೆಗಳ ಕೆಲಸ. ಯಾವ ಯಂತ್ರವೂ ಇಲ್ಲದೆ ಇಷ್ಟು ಕಾಲ ನಿಂತಿರುವ ದಾರಿಗಳನ್ನು ನಮ್ಮ ಹಿರಿಯರು ಮಾಡಿದರೆಂಬುದನ್ನು ಮರೆಯಕೂಡದು. ಹಾಗೆಂದು ಆ ಕೆಲಸದ ಭಾರವು ಎಷ್ಟೆಂಬುದನ್ನೂ ಮರೆಯಬಾರದು.

ಸಣ್ಣದೊಂದು ಲೆಕ್ಕವನ್ನು ನೋಡೋಣ. ನಾಲ್ಕಡಿ ಉದ್ದ, ಹದಿನೈದಂಗುಲ ಅಗಲ, ಆರಂಗುಲ ದಪ್ಪವಿರುವ ಒಂದು ಕಣಶಿಲೆಯ ಮೆಟ್ಟಿಲು ಸುಮಾರು ೧೯೦ ಕಿಲೋಗ್ರಾಂ ತೂಗುವುದು. ೧೦೦ ಮೀಟರು ಎತ್ತರದ ಬೆಟ್ಟವನ್ನು ಕೇವಲ ಮೆಟ್ಟಿಲುಗಳಿಂದ ಏರಬೇಕಾದರೆ ಅಂತಹವು ಸುಮಾರು ೬೬೦ ಬೇಕು. ಒಟ್ಟು ೧೨೫ ಟನ್ನುಗಳ ಕಲ್ಲಾಯಿತು. ಅದೇ ಎತ್ತರವನ್ನು ನೂರಕ್ಕೆ ಹತ್ತರ ಏರಿನಲ್ಲಿ ಸುತ್ತಿ ಹೋದರೆ ದಾರಿಯು ಒಂದು ಕಿಲೋಮೀಟರು ಉದ್ದವಾಗುವುದು. ನಡಗೆ ಹೆಚ್ಚು, ಆದರೆ ಕಲ್ಲು ಕಡಮೆ, ಮೊಣಕಾಲಿಗೂ ಸುಖ. ಆದುದರಿಂದ ಎಡೆಯಿರುವಲ್ಲಿ ಸುತ್ತುದಾರಿ, ಇಲ್ಲದಲ್ಲಿ ಮೆಟ್ಟಿಲು ಎಂಬುದೇ ವಿವೇಕ. ಮೆಟ್ಟಿಲು ಕಟ್ಟುವಾಗ ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿಸಿದರೆ ಸುಮಾರು ೨೫ ಅಂಗುಲವಾಗಬೇಕೆಂಬುದು ಕಟ್ಟಡದವರ ಹಳೆಯ ಸೂತ್ರ. ಎತ್ತರ ೬ ಅಂಗುಲವಾದರೆ ಕಾಲಿಡುವ ಅಗಲ ೧೩ ಅಂಗುಲ. ಒಂಬತ್ತು ಹತ್ತು ಅಂಗುಲ ಎತ್ತರದ ಮೆಟ್ಟಿಲು ಅಜ್ಜಿಗೂ ಮೊಮ್ಮಗುವಿಗೂ ಒಂದೇ ಸಮನಾಗಿ ಶತ್ರುವು.

ಬೆನ್ನನ್ನು ಉಳಿಸುವ ಬೈರಿಗೆ

ಕಲ್ಲನ್ನು ಸೀಳುವುದರಲ್ಲಿ ಯಂತ್ರದ ಸಹಾಯವು ನಿಜವಾಗಿಯೂ ದೊಡ್ಡದು. ನಮ್ಮ ಒಡ್ಡರ ಸಮಾಜದವರು ತಲೆತಲಾಂತರದಿಂದ ಈ ವಿದ್ಯೆಯಲ್ಲಿ ನಿಪುಣರು. ಬಂಡೆಯ ಪದರವು ಎತ್ತ ಹರಿಯುವುದೆಂಬುದನ್ನು ಸುತ್ತಿಗೆಯ ನಾದದಿಂದಲೇ ತಿಳಿದು, ಗೆರೆಯುದ್ದಕ್ಕೂ ಸಣ್ಣ ಕುಳಿಗಳನ್ನು ಕಡಿದು, ಅವುಗಳಲ್ಲಿ ಉಕ್ಕಿನ ಬೆಣೆಗಳನ್ನಿಟ್ಟು, ಒಂದೊಂದಕ್ಕೆ ಒಂದೊಂದು ಪೆಟ್ಟಿನಂತೆ ಸರದಿಯಾಗಿ ಹೊಡೆಯುತ್ತ ಹೋಗುವರು. ಕೊನೆಗೆ ಕಲ್ಲು ತಾನೇ ಬಾಯಿ ಬಿಡುವುದು. ಹಾಸುಬಂಡೆಯ ಮೇಲೆ ಸೌದೆಯನ್ನು ಉರಿಸಿ, ಬಿಸಿಗೆ ಪದರವು ಎದ್ದ ಮೇಲೆ ಚಪ್ಪಡಿಯನ್ನು ತೆಗೆಯುವ ಕ್ರಮವೂ ಉಂಟು.

ಇದರಲ್ಲಿ ಕುಳಿ ಕಡಿಯುವ ಭಾಗವೇ ತೋಳನ್ನು ಸವೆಸುವಂತಹುದು. ಬ್ಯಾಟರಿಯಿಂದ ಓಡುವ ಸುತ್ತಿಗೆ-ಬೈರಿಗೆಯು ಅದೇ ಕುಳಿಯನ್ನು ಕೆಲವು ನಿಮಿಷಗಳಲ್ಲಿ ಕೊರೆಯುವುದು. ಐದಾರು ಅಂಗುಲಗಳ ಅಂತರದಲ್ಲಿ ಕುಳಿಗಳನ್ನು ಕೊರೆದು, ಪ್ರತಿಯೊಂದರಲ್ಲಿಯೂ ಎರಡು ತೆಳುವಾದ ಉಕ್ಕಿನ ಪಟ್ಟಿಗಳ ನಡುವೆ ಬೆಣೆಯನ್ನಿಟ್ಟು ಹೊಡೆದರೆ, ಸಿಡಿಮದ್ದಿಲ್ಲದೆ, ಪಕ್ಕದ ಬಂಡೆಗೆ ಬಿರುಕಿಲ್ಲದೆ ಬೇಕಾದ ಅಳತೆಯ ಕಲ್ಲು ದೊರೆಯುವುದು. ಈ ಬೈರಿಗೆಯನ್ನು ಒಬ್ಬ ಮನುಷ್ಯನು ಹೆಗಲಿಗೇರಿಸಿ ಬೆಟ್ಟದ ತುದಿಗೆ ಒಯ್ಯಬಹುದು. ಗಾಳಿಯ ಒತ್ತಡದಿಂದ ನಡೆಯುವ ದೊಡ್ಡ ಜಾಕ್‌ಹ್ಯಾಮರಿಗಾದರೋ ಕೆಳಗೆ ಕಂಪ್ರೆಸರು ಬೇಕು, ಕಂಪ್ರೆಸರಿಗೆ ಗಾಡಿಯ ರಸ್ತೆ ಬೇಕು. ಒಂದು ಕಾಲುದಾರಿಯನ್ನು ಮಾಡಲು ಒಂದು ರಸ್ತೆಯನ್ನು ಮಾಡಬೇಕಾಗುವುದು. ಯಂತ್ರವು ಚಿಕ್ಕದಾಗಿದ್ದಷ್ಟೂ ಬೆಟ್ಟಕ್ಕೆ ಒಳ್ಳೆಯದೆಂಬುದಕ್ಕೆ ಇದೊಂದು ನಿದರ್ಶನ.

ಉಸಿರನ್ನು ಕೇಳುವ ಧೂಳು

ಇಷ್ಟು ಹೇಳಿದ ಮೇಲೆ, ಸಾಮಾನ್ಯವಾಗಿ ಯಾರೂ ಹೇಳದೆ ಬಿಡುವ ಮಾತೊಂದನ್ನು ಹೇಳಬೇಕಾಗಿದೆ. ಉಳಿಯಿಂದ ಕಡಿದಾಗ ಬರುವುದು ಬಹುಮಟ್ಟಿಗೆ ಚೂರು. ಯಂತ್ರದಿಂದ ಕೊರೆದಾಗ ಬರುವುದು ಹಿಟ್ಟು. ಕಣಶಿಲೆಯಲ್ಲಿ ಬೆಣಚುಕಲ್ಲಿನ ಅಂಶವು ಹೇರಳವಾಗಿರುವುದು. ಅದರ ಅತಿ ಸೂಕ್ಷ್ಮವಾದ ಧೂಳು, ಕೂದಲೆಳೆಯ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಸಣ್ಣದು, ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನಿಂತುಬಿಡುವುದು. ವರ್ಷಗಳು ಕಳೆದಂತೆ ಶ್ವಾಸಕೋಶವು ಗಾಯದ ಕಲೆಯಂತೆ ಗಟ್ಟಿಯಾಗುತ್ತ ಬರುವುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಈ ರೋಗವಿದ್ದವರಿಗೆ ಕ್ಷಯವು ಅಂಟುವ ಭಯವೂ ಹೆಚ್ಚು.

ಇದು ದೂರದೇಶದ ಕಥೆಯಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದುಬಂದುದನ್ನು ನಾವು ಹೆಮ್ಮೆಯಿಂದ ನೆನೆಯುವೆವು. ಅದೇ ಗಣಿಗಳ ಕೆಲಸಗಾರರಲ್ಲಿ ೧೯೩೦ರ ದಶಕದಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿದರೆಂಬುದನ್ನೂ ಜೊತೆಯಲ್ಲಿಯೇ ನೆನೆಯಬೇಕು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದವು. ಅಮೆರಿಕೆಯ ಹಾಕ್ಸ್ ನೆಸ್ಟ್ ಎಂಬಲ್ಲಿ ೧೯೩೦-೩೧ರಲ್ಲಿ ಸುರಂಗವನ್ನು ಕೊರೆಯುವಾಗ ನೀರು ಹಾಯಿಸದೆ ಒಣಗಿದ ಬಂಡೆಯನ್ನು ಕೊರೆದುದರಿಂದ ನೂರಾರು ಮಂದಿ ಈ ಧೂಳಿಗೆ ಬಲಿಯಾದರು. ನಮ್ಮ ದೇಶದ ೧೯೪೮ರ ಕಾರ್ಖಾನೆ ಕಾಯದೆಯು ಇದನ್ನು ಸರ್ಕಾರಕ್ಕೆ ತಿಳಿಸತಕ್ಕ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಬೆಟ್ಟದ ಮೇಲೆ ಎಂಟು ದಿನದ ಕೂಲಿಗೆ ಬಂದವನಿಗೆ ಕಾರ್ಖಾನೆಯೆಲ್ಲಿ, ವೈದ್ಯರ ಪರೀಕ್ಷೆಯೆಲ್ಲಿ? ಅವನು ಕೆಮ್ಮತೊಡಗುವ ಹೊತ್ತಿಗೆ ದಾರಿಯ ಉದ್ಘಾಟನೆಯು ಮುಗಿದು ಹತ್ತು ವರ್ಷಗಳಾಗಿರುವುವು. ಅವನ ಅಂಗಿಯ ಧೂಳನ್ನು ಮನೆಯಲ್ಲಿ ಕೊಡವುವ ಹೆಂಡತಿಯೂ, ಪಕ್ಕದಲ್ಲಿ ಆಡುವ ಮಗುವೂ ಆ ಧೂಳನ್ನೇ ಉಸಿರಾಡುವರು.

ಇದನ್ನು ತಡೆಯುವ ಉಪಾಯವು ಕಠಿಣವೇನಲ್ಲ. ಕೊರೆಯುವಾಗ ಕುಳಿಗೆ ಸಣ್ಣ ಧಾರೆಯಾಗಿ ನೀರನ್ನು ಬಿಡುತ್ತಿದ್ದರೆ ಧೂಳು ಕೆಸರಾಗಿ ಅಲ್ಲಿಯೇ ಉಳಿಯುವುದು. ಆದರೆ ವಿದ್ಯುತ್ತಿನ ಬೈರಿಗೆಯು ನೀರಿಗೆ ತಕ್ಕಂತೆ ಮಾಡಲ್ಪಟ್ಟುದೇ ಎಂಬುದನ್ನು ಮೊದಲು ನೋಡಬೇಕು. ನೀರಿಗೆ ತಗದ ಬೈರಿಗೆಗೆ, ಬಾಯಿಯ ಬಳಿಯಲ್ಲಿಯೇ ಧೂಳನ್ನು ಹೀರುವ ಕೊಳವೆಯನ್ನು ಜೋಡಿಸಬಹುದು. ಇದರ ಮೇಲೆ ಮುಖಕ್ಕೆ ಬಿಗಿಯಾಗಿ ಕೂಡುವ ಎನ್-೯೫ ಬಗೆಯ ಮುಖಕವಚವಿರಬೇಕು. ಮೂಗಿಗೆ ಸುತ್ತಿದ ವಲ್ಲಿಯು ದಪ್ಪ ಧೂಳನ್ನು ತಡೆಯುವುದಲ್ಲದೆ ಕೊಲ್ಲುವ ಧೂಳನ್ನು ತಡೆಯಲಾರದು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ, ಕೊಡವದೆ ನೀರಿನಲ್ಲಿ ನೆನೆಹಾಕಿ ಒಗೆಯಬೇಕು. ಬೆಟ್ಟದ ಮೇಲಕ್ಕೆ ಹತ್ತು ಕೊಡ ನೀರನ್ನು ಹೊರಿಸುವ ಖರ್ಚನ್ನು ಅಂದಾಜಿನಲ್ಲಿ ಸೇರಿಸದ ಕೆಲಸವು ಅಗ್ಗವಾಗಿ ಕಾಣುವುದು ನಿಜ. ಉಳಿದ ಹಣವನ್ನು ತೆರುವವನು ಕೂಲಿಕಾರನೇ. ಬೆನ್ನನ್ನು ಉಳಿಸಲು ಬಂದ ಯಂತ್ರವು ಉಸಿರನ್ನು ಕೇಳಕೂಡದು.

ಹಗ್ಗದ ಯಂತ್ರ, ಮುಳ್ಳಿನ ಯಂತ್ರ, ಮಣ್ಣಿನ ಯಂತ್ರ

ಸೀಳಿದ ಕಲ್ಲನ್ನು ಸಾಗಿಸಲು ಎಂಜಿನ್ ಬೇಕೇಬೇಕೆಂದೇನೂ ಇಲ್ಲ. ಕೈಯಿಂದ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಉಕ್ಕಿನ ಹಗ್ಗವನ್ನು ಗೇಣುಗೇಣಾಗಿ ಎಳೆಯುವ ಟಿರ್‌ಫರ್ ಎಂಬ ಯಂತ್ರವುಂಟು. ಅದರಲ್ಲಿ ೮೦೦ ಕಿಲೋಗ್ರಾಂ ಎಳೆಯುವುದರಿಂದ ೩ ಟನ್ನುಗಳಿಗೂ ಮೇಲ್ಪಟ್ಟು ಎಳೆಯುವುದರವರೆಗೆ ಬೇರೆಬೇರೆ ಅಳತೆಗಳಿರುವುವು. ಮೇಲಿನ ಬಂಡೆಯೊಂದಕ್ಕೆ ಇದನ್ನು ಬಿಗಿದು ಒಬ್ಬನೇ ಮನುಷ್ಯನು ಒಂದು ಮೆಟ್ಟಿಲುಗಲ್ಲನ್ನು ಮೇಲಕ್ಕೆಳೆಯಬಲ್ಲನು. ಸದ್ದಿಲ್ಲ, ಹೊಗೆಯಿಲ್ಲ, ಎಣ್ಣೆಯ ಖರ್ಚಿಲ್ಲ. ಎಳೆತದಲ್ಲಿರುವ ಹಗ್ಗದ ನೇರದಲ್ಲಿಯೂ ಕಲ್ಲಿನ ಕೆಳಗಡೆಯೂ ಯಾರೂ ನಿಲ್ಲದಂತೆ ನೋಡಿಕೊಳ್ಳುವುದೊಂದೇ ಇದರ ಮುಖ್ಯ ನಿಯಮ. ನಮ್ಮ ಗುಂಡುಬಂಡೆಗಳ ಬೆಟ್ಟಗಳಿಗೆ ಇದಕ್ಕಿಂತ ತಕ್ಕ ಯಂತ್ರವು ಬೇರೆಯಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ದಾರಿಗೆ ಅಡ್ಡಬರುವ ಬಳ್ಳಾರಿಜಾಲಿಯ ಮಾತು. ಹೆಗಲಿಗೆ ತೂಗುಹಾಕುವ ಕಳೆಕೊಯ್ಯುವ ಯಂತ್ರಕ್ಕೆ ಉಕ್ಕಿನ ಗರಗಸದ ಚಕ್ರವನ್ನು ಹಾಕಿದರೆ ಎಳೆಯ ಜಾಲಿಯನ್ನು ಬೇಗನೆ ಕತ್ತರಿಸಬಹುದು. ಆದರೆ ನೆಲದ ಮೇಲೆ ಕತ್ತರಿಸಿದ ಜಾಲಿಯು ಒಂದಕ್ಕೆ ನಾಲ್ಕಾಗಿ ಚಿಗುರುವುದು. ಗುದ್ದಲಿಯಿಂದ ಬುಡವನ್ನು ಬಿಡಿಸಿ, ಮಣ್ಣಿನೊಳಗೆ ಅರ್ಧ ಅಡಿಯ ಕೆಳಗೆ ಬೇರನ್ನು ಕಡಿದರಷ್ಟೇ ಅದು ಸಾಯುವುದು. ಆದುದರಿಂದ ಯಂತ್ರವು ಮುಂದೆ ಹೋಗಲಿ, ಗುದ್ದಲಿಯು ಅದರ ಹಿಂದೆ ಬರಲಿ. ತಿರುಗುವ ಚಕ್ರವು ಕಲ್ಲುಹರಳುಗಳನ್ನು ಗುಂಡಿನಂತೆ ಎಸೆಯುವುದರಿಂದ ಐವತ್ತಡಿಯೊಳಗೆ ಯಾರೂ ಇರಕೂಡದು. ನಡೆಸುವವನಿಗೆ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿಯಾದ ಬೂಟು ಇರಬೇಕು. ಬೇಸಗೆಯಲ್ಲಿ ಚಕ್ರವು ಬಂಡೆಗೆ ತಗುಲಿ ಹಾರಿದ ಒಂದು ಕಿಡಿಯು ಇಡೀ ಗುಡ್ಡದ ಹುಲ್ಲನ್ನು ಸುಡಬಲ್ಲುದು. ಮಳೆಗಾಲವು ಮುಗಿದು ಹಸಿಯು ಇನ್ನೂ ಆರದಿರುವ ದಿನಗಳೇ ಈ ಕೆಲಸಕ್ಕೆ ಪ್ರಶಸ್ತ.

ಮಣ್ಣನ್ನು ತೋಡುವ ಯಂತ್ರವೆಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಜೇಸಿಬಿ ಎಂಬ ಒಂದೇ ಹೆಸರು. ಕೆರೆಯ ಹೂಳಿಗೂ ಕಾಲುವೆಗೂ ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾಮಾನ್ಯವಾದ ಜೇಸಿಬಿಯ ಅಗಲವು ಏಳಡಿಗೂ ಮೇಲ್ಪಟ್ಟುದು. ಕಾಲುದಾರಿಗೆ ಬೇಕಾದುದು ಮೂರು ನಾಲ್ಕಡಿ. ಅದು ಬೆಟ್ಟದ ಮಗ್ಗುಲಿನಲ್ಲಿ ಹೋದರೆ ಎರಡರಷ್ಟು ಅಗಲದ ಗಾಯವನ್ನು ಮಾಡಿ, ತೆಗೆದ ಮಣ್ಣನ್ನು ಕೆಳಕ್ಕೆ ಸುರಿಯುವುದು. ಮುಂದಿನ ಮಳೆಯಲ್ಲಿ ಆ ಸಡಿಲ ಮಣ್ಣೆಲ್ಲ ಕೆಳಗಿನ ಹೊಲಕ್ಕೂ ಕೆರೆಗೂ ಇಳಿಯುವುದು. ಮೂರಡಿ ಅಗಲದ, ಒಂದು ಟನ್ನಿನ ಆಸುಪಾಸಿನ ಪುಟ್ಟ ತೋಡುಯಂತ್ರಗಳೂ ಈಗ ಉಂಟು. ಬೆಟ್ಟದ ತಪ್ಪಲಿನ ಗರಸುಮಣ್ಣಿನ ಭಾಗದಲ್ಲಿ ಅವನ್ನು ಉಪಯೋಗಿಸಬಹುದು. ಹರಡಿದ ಗರಸಿಗೆ ನೀರು ಚಿಮುಕಿಸಿ, ತಟ್ಟುವ ಯಂತ್ರದಿಂದ ಪದರಪದರವಾಗಿ ಗಟ್ಟಿಮಾಡಿದರೆ ಆ ನೆಲವು ಬಹುಕಾಲ ಬಾಳುವುದು. ಬಂಡೆಯು ಆರಂಭವಾಗುವಲ್ಲಿ ಅವೂ ನಿಲ್ಲಬೇಕು.

ಮುಟ್ಟಬಾರದ ಕಲ್ಲುಗಳು

ನಮ್ಮ ಸೀಮೆಯಲ್ಲಿ ಯಂತ್ರವನ್ನು ನಡೆಸುವವನು ಇನ್ನೊಂದು ವಿಷಯವನ್ನು ತಿಳಿದಿರಬೇಕು. ೧೮೪೧ರಿಂದ ೧೮೫೩ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ಈ ಭಾಗದ ಪ್ರಾಚೀನ ಕಲ್ಗೋರಿಗಳನ್ನು ಪರೀಕ್ಷಿಸಿ ವಿದ್ವಾಂಸರ ಗಮನಕ್ಕೆ ತಂದನು. ಬೆಟ್ಟದ ಮೇಲಿನ ಅವನ ಬಂಗಲೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆಯುವರು. ರಾಜನಕೋಳೂರಿನ ಕಲ್ಮನೆಗಳೂ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟಿರುವ ಗುಂಡುಗಳೂ ಅಂತಹ ಪ್ರಾಚೀನರ ಕೃತಿಗಳು. ತಿಳಿಯದವನ ಕಣ್ಣಿಗೆ ಅವು ಅಡ್ಡಬಿದ್ದ ಕಲ್ಲುಗಳು. ಅರ್ಧ ಗಂಟೆಯಲ್ಲಿ ಯಂತ್ರವು ಅವನ್ನು ಗುಡಿಸಿಹಾಕಬಲ್ಲುದು. ಮತ್ತೆ ಜೋಡಿಸಲು ಯಾರಿಂದಲೂ ಆಗದು. ಕೈಯಿಂದ ಕೆಲಸ ಮಾಡುವವನಿಗೆ ಪ್ರತಿ ಕಲ್ಲಿನ ಮುಂದೆಯೂ ಒಂದು ಕ್ಷಣ ನಿಂತು ನೋಡುವ ಅವಕಾಶವಿರುವುದು. ಯಂತ್ರವು ಕಸಿದುಕೊಳ್ಳುವುದು ಆ ಕ್ಷಣವನ್ನೇ.

ರಾಷ್ಟ್ರೀಯ ಮಹತ್ವದವೆಂದು ಕೇಂದ್ರ ಸರ್ಕಾರವು ರಕ್ಷಿಸಿರುವ ಸ್ಮಾರಕಗಳ ಸುತ್ತಲೂ ೧೦೦ ಮೀಟರುಗಳವರೆಗೆ ಹೊಸ ನಿರ್ಮಾಣವನ್ನು ೨೦೧೦ರ ತಿದ್ದುಪಡಿಯ ಕಾಯದೆಯು ನಿಷೇಧಿಸಿರುವುದು. ಅದರಾಚೆ ಇನ್ನೂ ೨೦೦ ಮೀಟರುಗಳವರೆಗೆ ಅಪ್ಪಣೆಯು ಬೇಕು. ಕಾಯದೆಯ ಮಾತು ಹಾಗಿರಲಿ. ಗಾರೆಯು ಸಡಿಲವಾದ ಕೋಟೆಗೋಡೆಯ ಬುಡದಲ್ಲಿ ನಡುಗುವ ಯಂತ್ರವನ್ನು ನಿಲ್ಲಿಸುವುದು, ಜ್ವರದಲ್ಲಿ ಮಲಗಿದ ಮುದುಕನ ತಲೆದೆಸೆಯಲ್ಲಿ ಡೋಲು ಬಾರಿಸಿದಂತೆ. ಕೋಟೆಯೊಳಗಿನ ದಾರಿಯನ್ನು ಉಳಿ, ಹಾರೆ, ಗುದ್ದಲಿಗಳಿಂದಲೇ ಸರಿಪಡಿಸತಕ್ಕದ್ದು.

ಯಂತ್ರಗಳ ತವರಾದ ಅಮೆರಿಕೆಯಲ್ಲಿಯೇ ಇಂತಹ ಸಂಯಮಕ್ಕೆ ಉದಾಹರಣೆಯುಂಟು. ಸುಮಾರು ೩,೫೦೦ ಕಿಲೋಮೀಟರು ಉದ್ದದ ಅಪಲಾಚಿಯನ್ ಕಾಲುದಾರಿಯನ್ನು ಅಲ್ಲಿಯ ಜನರು ೧೯೩೭ರಲ್ಲಿ ಪೂರ್ಣಗೊಳಿಸಿದರು. ೧೯೬೪ರ ಅರಣ್ಯಪ್ರದೇಶದ ಕಾಯದೆಯು, ಹಾಗೆಯೇ ಬಿಡಬೇಕೆಂದು ಗೊತ್ತುಮಾಡಿದ ಕಾಡುಗಳಲ್ಲಿ ಮೋಟಾರಿನ ಉಪಕರಣಗಳನ್ನು ಸಾಮಾನ್ಯವಾಗಿ ನಿಷೇಧಿಸಿತು. ದಾರಿಗೆ ಮರವು ಅಡ್ಡಬಿದ್ದರೆ ಅಲ್ಲಿ ಇಂದಿಗೂ ಇಬ್ಬರು ಎಳೆಯುವ ಗರಗಸದಿಂದಲೇ ಕೊಯ್ಯುವರು. ಯಂತ್ರವಿಲ್ಲದೆ ಅವರು ಹೀಗೆ ಮಾಡುತ್ತಿಲ್ಲ. ಎಲ್ಲಿ ಬೇಡವೆಂಬುದನ್ನು ಗೊತ್ತುಮಾಡಿಕೊಂಡು ಮಾಡುತ್ತಿರುವರು.

ವರ್ಷಕ್ಕೆರಡು ದಿನ

ಈವರೆಗೆ ಹೇಳಿದುದರ ಸಾರವಿಷ್ಟೆ. ಗೆರೆಯನ್ನು ಮನುಷ್ಯನು ನೋಡಿ ಹಾಕಲಿ. ಕುಳಿಯನ್ನು ಬೈರಿಗೆಯು ಕೊರೆಯಲಿ, ಆದರೆ ಧೂಳನ್ನು ಹಿಡಿದಿಟ್ಟುಕೊಂಡು ಕೊರೆಯಲಿ. ಭಾರವನ್ನು ಹಗ್ಗದ ಯಂತ್ರವು ಎಳೆಯಲಿ. ತಪ್ಪಲಿನಲ್ಲಿ ಪುಟ್ಟ ಯಂತ್ರವು ತೋಡಲಿ. ಹಳೆಯ ಕಲ್ಲುಗಳ ಬಳಿಯಲ್ಲಿ ಎಲ್ಲ ಯಂತ್ರಗಳೂ ಸುಮ್ಮನಿರಲಿ.

ಕಟ್ಟಿದ ಮೇಲೆ ಕಾಪಾಡುವ ಕೆಲಸವು ಉಳಿಯುವುದು. ಅದು ಗೃಹಸ್ಥರ ಕೈಯಲ್ಲಿರುವಂತಹುದು. ಮನೆಯ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕುವಂತೆ, ದಾರಿಗೂ ವರ್ಷಕ್ಕೆರಡು ದಿನಗಳು ಸಲ್ಲಬೇಕು. ಮಳೆಯ ಮುಂಚೆ ಒಂದು ದಿನ ನೀರು ಹೊರಹೋಗುವ ತಗ್ಗುಗಳಲ್ಲಿ ತುಂಬಿದ ಹೂಳನ್ನೂ ಎಲೆಯನ್ನೂ ತೆಗೆಯುವುದು. ಮಳೆಯ ಅನಂತರ ಒಂದು ದಿನ ಸಡಿಲವಾದ ಮೆಟ್ಟಿಲನ್ನು ಬಿಗಿಮಾಡಿ, ಹೊಸ ಜಾಲಿಯ ಸಸಿಗಳನ್ನು ಬೇರುಸಹಿತ ಕೀಳುವುದು. ಇದಕ್ಕೆ ಒಂದು ಗುದ್ದಲಿ, ಒಂದು ಪುಟ್ಟಿ, ಒಂದು ಹಾರೆ ಸಾಕು. ಊರಿನ ಹತ್ತು ಮನೆಗಳವರು ಮಕ್ಕಳನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಬಿಸಿಲೇರುವ ಮುನ್ನ ಮುಗಿಸಬಹುದಾದ ಕೆಲಸವಿದು. ಸಕಾಲದಲ್ಲಿ ಒಂದು ಪುಟ್ಟಿ ಹೂಳನ್ನು ತೆಗೆದ ಕೈಯು, ಮುಂದೆ ಬರಬೇಕಾಗಿದ್ದ ದೊಡ್ಡ ಯಂತ್ರವನ್ನೇ ತಡೆಯುವುದು.

ಬೆಟ್ಟವೇರುವವನ ಕಣ್ಣಿಗೆ ದಾರಿಯು ಕಾಣುವುದು, ದಾರಿಯನ್ನು ಮಾಡಿದವನು ಕಾಣುವುದಿಲ್ಲ. ಅವನು ತನ್ನ ಮನೆಯಲ್ಲಿ ಕೆಮ್ಮಿಲ್ಲದೆ ನಿದ್ದೆಮಾಡುತ್ತಿರುವನೆಂಬ ನೆಮ್ಮದಿಯಿಂದ ನಾವು ಮೇಲಿನ ಬತೇರಿಯ ಮೇಲೆ ನಿಂತು ಭೀಮಾ ಕೃಷ್ಣೆಯರ ಬಯಲನ್ನು ನೋಡುವಂತಾದರೆ, ಅಂತಹ ದಾರಿಯೇ ಒಳ್ಳೆಯ ದಾರಿ.